ನೀಲಾಂಜನೆಯೂ ಸ್ನೇಹಾಳೂ: ಒಂದು ಧಾರಾವಾಹಿಯ ಮರಣವನ್ನು ಕುರಿತು

ಕಥೆಯಲ್ಲಿ ಬರುವ ವ್ಯಕ್ತಿ ಸತ್ತನೆಂದು ಕಣ್ಣೀರು ಹಾಕುವವರನ್ನು ಕಂಡು ನಗುವುದು ತಿಳಿವಳಿಕೆಯ ಲಕ್ಷಣವೆಂದು ನಾನು ಬಹುಕಾಲ ಭಾವಿಸಿದ್ದೆ. ದೂರದರ್ಶನದ ಧಾರಾವಾಹಿಗಳ ವಿಷಯದಲ್ಲಂತೂ ಈ ನಗೆಗೆ ಇನ್ನಷ್ಟು ಅವಕಾಶವಿದೆ. ಬಣ್ಣ ಹಚ್ಚಿದ ಮುಖ, ಬಾಡಿಗೆಗೆ ಹಿಡಿದ ಮನೆ, ಜಾಹೀರಾತುಗಳ ನಡುವೆ ತುಂಡುತುಂಡಾಗಿ ಬರುವ ಕಥೆ. ಇದಕ್ಕಾಗಿ ದುಃಖಿಸುವುದು ಮೋಹವಲ್ಲದೆ ಮತ್ತೇನು ಎಂದು ಕೇಳುವುದು ಸುಲಭ. ನಮ್ಮ ಶಾಸ್ತ್ರಸಭೆಗಳಲ್ಲಿ ಹಾಗೆ ಕೇಳಿದವರಲ್ಲಿ ನಾನೂ ಒಬ್ಬ. ಆ ಪ್ರಶ್ನೆಯನ್ನು ಅಷ್ಟು ಹಗುರವಾಗಿ ಕೇಳಬಾರದಿತ್ತೆಂಬುದು 2024ರ ಕೊನೆಯಲ್ಲಿ ನನಗೆ ಮನವರಿಕೆಯಾಯಿತು. ಅದಕ್ಕೆ ಕಾರಣ ಒಂದು ಕನ್ನಡ ಧಾರಾವಾಹಿ, ಮತ್ತು ಅದನ್ನು ಬಿಡದೆ ನೋಡುತ್ತಿದ್ದ ನನ್ನ ತಂಗಿ.

ಧಾರಾವಾಹಿಯ ಹೆಸರು 'ಪುಟ್ಟಕ್ಕನ ಮಕ್ಕಳು'. ಆರೂರು ಜಗದೀಶರ ನಿರ್ದೇಶನದಲ್ಲಿ 2021ರ ಡಿಸೆಂಬರಿನಿಂದ ಜೀ ಕನ್ನಡ ವಾಹಿನಿಯಲ್ಲಿ ಪ್ರಸಾರವಾಗತೊಡಗಿದ ಈ ಕಥೆ ನಮ್ಮ ಭಾಗದ ಮನೆಮನೆಗೂ ಪರಿಚಿತವಾಗಿತ್ತು. ಗಂಡುಮಗು ಹುಟ್ಟಲಿಲ್ಲವೆಂಬ ಕಾರಣಕ್ಕೆ ಗಂಡನು ಬೇರೊಬ್ಬಳನ್ನು ಕಟ್ಟಿಕೊಂಡಾಗ, ಮೂರು ಹೆಣ್ಣುಮಕ್ಕಳೊಡನೆ ಉಳಿದ ಪುಟ್ಟಕ್ಕ ಒಂದು ಮೆಸ್ಸನ್ನು ನಡೆಸಿ ಅವರನ್ನು ಬೆಳೆಸುತ್ತಾಳೆ. ಪುಟ್ಟಕ್ಕನಾಗಿ ನಟಿಸಿದವರು ಉಮಾಶ್ರೀ. ಗಿರೀಶ ಕಾಸರವಳ್ಳಿಯವರ 'ಗುಲಾಬಿ ಟಾಕೀಸ್' ಚಿತ್ರದಲ್ಲಿ ಸೂಲಗಿತ್ತಿ ಗುಲಾಬಿಯಾಗಿ ನಟಿಸಿ ರಾಷ್ಟ್ರಪ್ರಶಸ್ತಿ ಪಡೆದ ಕಲಾವಿದೆ. ವೈದೇಹಿಯವರ ಕಥೆಯನ್ನು ಆಧರಿಸಿದ ಆ 2008ರ ಚಿತ್ರದಲ್ಲಿ ಗುಲಾಬಿಯ ಮನೆಗೆ ಬಣ್ಣದ ದೂರದರ್ಶನ ಬರುತ್ತದೆ, ಕೇರಿಯ ಹೆಂಗಸರು ಅದರ ಮುಂದೆ ಸೇರುತ್ತಾರೆ. ಪರದೆಯ ಮುಂದೆ ಕುಳಿತ ಹೆಣ್ಣಿಗೂ ಪರದೆಯೊಳಗಿನ ಜಗತ್ತಿಗೂ ಇರುವ ನಂಟು ನಗಬೇಕಾದದ್ದಲ್ಲವೆಂದು ಅರಿಯಲು ಅದೊಂದು ಚಿತ್ರ ಸಾಕು. ಅದನ್ನು ನಾನು ಮೆಚ್ಚಿ ನೋಡಿದ್ದೆ; ಆದರೂ ನನ್ನ ತಂಗಿಯ ಮನೆಯಲ್ಲಿ ಅದರ ಪಾಠವನ್ನು ಮರೆತೆ.

ಪುಟ್ಟಕ್ಕನ ಮಕ್ಕಳಲ್ಲಿ ಸಹನಾ ಹಿರಿಯಳು, ಸುಮಾ ಕಿರಿಯಳು, ನಡುವಿನವಳು ಸ್ನೇಹಾ. ಊರಿಗೆಲ್ಲ ಬಡ್ಡಿಗೆ ಹಣ ಕೊಟ್ಟು ಜನರನ್ನು ಹಿಡಿತದಲ್ಲಿಟ್ಟುಕೊಂಡ ಬಂಗಾರಮ್ಮನೆಂಬ ಹೆಂಗಸನ್ನು ಎದುರಿಸಿ ನಿಲ್ಲುವವಳು ಈ ಸ್ನೇಹಾಳೇ. ಆ ಬಂಗಾರಮ್ಮನ ಮಗ ಕಂಠಿ ತಾನು ಯಾರೆಂಬುದನ್ನು ಮರೆಮಾಚಿ ಇವಳನ್ನು ಪ್ರೀತಿಸುತ್ತಾನೆ. ಮುಂದೆ ಅವಳು ಬಡ್ಡಿಯ ಮನೆಗೇ ಸೊಸೆಯಾಗುತ್ತಾಳೆ, ಓದನ್ನು ಬಿಡದೆ ಐಎಎಸ್ ಮುಗಿಸಿ ಜಿಲ್ಲಾಧಿಕಾರಿಯೂ ಆಗುತ್ತಾಳೆ. ವ್ಯಾಪಾರಿಯಾದ ನನಗೆ ಬಡ್ಡಿಯ ಪ್ರಸಂಗಗಳು ವಿಶೇಷವಾಗಿ ಹಿಡಿಸಿದವು. ನ್ಯಾಯವಾದ ಲಾಭಕ್ಕೂ ಇನ್ನೊಬ್ಬರ ಕಷ್ಟವನ್ನೇ ಬಂಡವಾಳ ಮಾಡಿಕೊಳ್ಳುವುದಕ್ಕೂ ಇರುವ ಅಂತರವನ್ನು ಆ ಹುಡುಗಿ ಎದೆಗೊಟ್ಟು ಹೇಳುತ್ತಿದ್ದಳು. ಪರಿಗ್ರಹದ ಕುರಿತು ನಾವು ಮಾಡುವ ಉಪನ್ಯಾಸಗಳಿಗಿಂತ ಅವಳ ಒಂದು ಜಗಳ ಹೆಚ್ಚು ಮನೆಗಳನ್ನು ಮುಟ್ಟಿರಬಹುದು. ಧಾರಾವಾಹಿಗೆ ಸಲ್ಲಬೇಕಾದ ಈ ಜಮೆಯನ್ನು ಮೊದಲು ಬರೆದುಬಿಡುತ್ತೇನೆ.

2024ರ ನವೆಂಬರಿನಲ್ಲಿ ಸ್ನೇಹಾ ಸತ್ತಳು. ಆ ಪಾತ್ರವನ್ನು ಮೊದಲಿನಿಂದ ನಿರ್ವಹಿಸಿದ್ದ ನಟಿ ಸಂಜನಾ ಬುರ್ಲಿ ಧಾರಾವಾಹಿಯಿಂದ ಹೊರಬಂದಿದ್ದರು. ಅದು ಪತ್ರಿಕೆಗಳಲ್ಲಿಯೂ ಬಂದ ಸಂಗತಿ. ಕಥೆಯೊಳಗೆ ಯಾವ ಕಾರಣವನ್ನೇ ಜೋಡಿಸಲಿ, ನಿಜವಾದ ಕಾರಣ ಕಥೆಯ ಹೊರಗಿದೆಯೆಂಬುದು ನೋಡುವವರಿಗೆಲ್ಲ ತಿಳಿದಿತ್ತು. ಅಷ್ಟಕ್ಕೇ ಅದು ನಿಲ್ಲಲಿಲ್ಲ. ಸತ್ತ ಸ್ನೇಹಾಳ ಹೃದಯವನ್ನು ದಾನ ಮಾಡಲಾಯಿತು. ಆ ಹೃದಯವನ್ನು ಪಡೆದ ಹುಡುಗಿಯ ಹೆಸರೂ ಸ್ನೇಹಾ. ಬೇರೊಬ್ಬ ನಟಿಯ ರೂಪದಲ್ಲಿ ಆ ಎರಡನೆಯ ಸ್ನೇಹಾ ಪುಟ್ಟಕ್ಕ ಕಂಠಿಯರ ಕಥೆಯೊಳಗೆ ಕಾಲಿಟ್ಟಳು.

ನಂಜನಗೂಡಿನ ಪೇಟೆಯಲ್ಲಿರುವ ನಮ್ಮ ಜವಳಿ ಅಂಗಡಿಯಲ್ಲಿ ಆ ವಾರ ಸೀರೆಯ ಮಾತಿಗಿಂತ ಸ್ನೇಹಾಳ ಮಾತೇ ಹೆಚ್ಚಾಗಿತ್ತು. ಮದುವೆಯ ಜವಳಿಗೆಂದು ಬಂದ ತಾಯಿಯೊಬ್ಬರು, 'ಇನ್ನು ಆ ಧಾರಾವಾಹಿಯನ್ನು ನೋಡುವುದಿಲ್ಲ, ಆಣೆ ಮಾಡಿಬಿಟ್ಟಿದ್ದೇನೆ' ಎಂದರು. ನಮ್ಮ ಅಂಗಡಿಯ ಹೆಣ್ಣುಮಕ್ಕಳು ಸೀರೆ ಮಡಿಸುತ್ತ, ಬಿಟ್ಟುಹೋದ ನಟಿಯನ್ನು ಒಂದಿಷ್ಟು ಬೈದರು, ಹೊಸದಾಗಿ ಬಂದವಳನ್ನು ಇನ್ನಷ್ಟು ಬೈದರು. ನಾನು ಗಲ್ಲದ ಮೇಲೆ ಕುಳಿತು ಮನಸ್ಸಿನಲ್ಲಿಯೇ ನಗುತ್ತಿದ್ದೆ.

ಆ ತಿಂಗಳ ಕೊನೆಯ ಭಾನುವಾರ ತಿರುಮಕೂಡಲು ನರಸೀಪುರದಲ್ಲಿರುವ ತಂಗಿಯ ಮನೆಗೆ ಹೋದೆ. ಕಪಿಲೆಯು ಕಾವೇರಿಯನ್ನು ಕೂಡುವ ಆ ಊರಿಗೆ ಅವಳು ಸೊಸೆಯಾಗಿ ಹೋಗಿ ನಲವತ್ತು ವರ್ಷ ಸಂದಿವೆ. ಅವರ ಮನೆಯಲ್ಲಿ ಹೊತ್ತು ಮುಳುಗುವ ಮೊದಲೇ ಊಟ ಮುಗಿಯುತ್ತದೆ. ಪಾತ್ರೆ ತೊಳೆದಿಟ್ಟು, ಣಮೋಕಾರವನ್ನು ಹೇಳಿಕೊಂಡು, ಆಮೇಲೆ ಅವಳು ದೂರದರ್ಶನದ ಮುಂದೆ ಕುಳಿತುಕೊಳ್ಳುವುದು ವಾಡಿಕೆ. ಆ ಸಂಜೆ ಅವಳು ಕುಳಿತಳು, ಆದರೆ ಪೆಟ್ಟಿಗೆಯನ್ನು ಹಚ್ಚಲಿಲ್ಲ. ಏಕೆಂದು ಕೇಳಿದಾಗ ಭಾವನವರು ಮೆಲ್ಲಗೆ ವಿಷಯವನ್ನು ತಿಳಿಸಿದರು. ನಾನು ಕೂಡಲೆ, 'ಏನಮ್ಮಾ, ಪೆಟ್ಟಿಗೆಯೊಳಗಿನ ಹುಡುಗಿಗೂ ಸೂತಕ ಹಿಡಿದಿದ್ದೀಯಾ?' ಎಂದುಬಿಟ್ಟೆ.

ಅವಳು ಎದ್ದು ಒಳಗೆ ಹೋದಳು. ನನ್ನ ಮಾತಿನ ಕ್ರೌರ್ಯ ನನಗೆ ತಿಳಿಯಲು ಒಂದು ನಿಮಿಷ ಬೇಕಾಯಿತು. 2016ರಲ್ಲಿ ಅವಳು ತನ್ನ ಒಬ್ಬಳೇ ಮಗಳನ್ನು ಮೈಸೂರು ರಸ್ತೆಯ ಅಪಘಾತದಲ್ಲಿ ಕಳೆದುಕೊಂಡಿದ್ದಳು. ಇಪ್ಪತ್ತನಾಲ್ಕು ವರ್ಷದ ಹುಡುಗಿ. ಕೆಎಎಸ್ ಪರೀಕ್ಷೆಗೆ ಓದುತ್ತಿದ್ದಳು. ಸಾವಿನ ಬಳಿಕ ಆರು ಗಂಟೆಗಳೊಳಗೆ ಕಣ್ಣನ್ನು ತೆಗೆಯಬೇಕೆಂದು ಆಸ್ಪತ್ರೆಯವರು ಹೇಳಿದಾಗ, ಆ ದುಃಖದ ನಡುವೆಯೂ ಸಹಿ ಹಾಕಿದವಳು ನನ್ನ ತಂಗಿ. ಕೆಲವು ದಿನಗಳ ನಂತರ ಎರಡು ಕಣ್ಣುಗಳಿಂದ ಇಬ್ಬರಿಗೆ ದೃಷ್ಟಿ ಬಂದಿತೆಂದು ಒಂದು ಕಾಗದ ಬಂದಿತು. ಅದರಲ್ಲಿ ಯಾರ ಹೆಸರೂ ಇರಲಿಲ್ಲ. ಅದನ್ನು ಅವಳು ಈಗಲೂ ಪೂಜೆಯ ಪೆಟ್ಟಿಗೆಯಲ್ಲಿಟ್ಟಿದ್ದಾಳೆ.

ಸ್ವಲ್ಪ ಹೊತ್ತಿನ ಮೇಲೆ ಹೊರಗೆ ಬಂದು ಅವಳು ಹೇಳಿದ ಮಾತನ್ನು ಇದ್ದಂತೆ ಬರೆಯುತ್ತೇನೆ: 'ಅಣ್ಣಯ್ಯ, ಸಾವು ನನಗೆ ಗೊತ್ತಿಲ್ಲದ್ದೇನಲ್ಲ. ಅವಳು ಸತ್ತಳೆಂದು ನನಗೆ ಕೋಪ ಬಂದಿಲ್ಲ. ಅತ್ತೆ, ಸುಮ್ಮನಾದೆ. ಆದರೆ ಅವಳ ಜಾಗಕ್ಕೆ ಅದೇ ಹೆಸರಿನ ಇನ್ನೊಬ್ಬಳನ್ನು ತಂದು ಕೂರಿಸಿದರಲ್ಲ, ಅದನ್ನು ನೋಡಲಾಗಲಿಲ್ಲ. ನನ್ನ ಮಗಳ ಕಣ್ಣು ಯಾರದೋ ಮನೆಯಲ್ಲಿ ಬೆಳಕು ನೋಡುತ್ತಿದೆ. ಅವರು ಬಂದು ನನ್ನನ್ನು ಅಮ್ಮಾ ಅನ್ನಬೇಕೆಂದು ನಾನು ಎಂದಾದರೂ ಕೇಳಿದೆನೇ?'

ಆ ರಾತ್ರಿ ನಂಜನಗೂಡಿಗೆ ಹಿಂದಿರುಗುವ ಬಸ್ಸಿನಲ್ಲಿ ನಾನು ಯೋಚಿಸಿದ್ದು ಇಷ್ಟು: ನನ್ನ ತಂಗಿ ಅಂದು ಆಡಿದ್ದು ಶೋಕದ ಮಾತು ಮಾತ್ರವಲ್ಲ, ಒಂದು ವಿಮರ್ಶೆಯೂ ಹೌದು. ಅದು ಸರಿಯಾದ ವಿಮರ್ಶೆಯೇ ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಪ್ರೀತಿಯ ಪಾತ್ರವೊಂದು ಸತ್ತಾಗ ಜನ ಸಿಟ್ಟಾಗುವುದು ಹೊಸದೇನಲ್ಲ. ಇಂಗ್ಲೆಂಡಿನ ಆರ್ಥರ್ ಕಾನನ್ ಡಾಯ್ಲ್ 1893ರ ಡಿಸೆಂಬರಿನಲ್ಲಿ ಸ್ಟ್ರಾಂಡ್ ಪತ್ರಿಕೆಯಲ್ಲಿ ತನ್ನ ಪತ್ತೇದಾರ ಶೆರ್ಲಾಕ್ ಹೋಮ್ಸನನ್ನು ಜಲಪಾತದಲ್ಲಿ ಕೊನೆಗಾಣಿಸಿದಾಗ ಸಾವಿರಾರು ಓದುಗರು ಚಂದಾ ನಿಲ್ಲಿಸಿದರೆಂದು ಹೇಳುತ್ತಾರೆ. ಹತ್ತು ವರ್ಷಗಳ ಬಳಿಕ, 1903ರಲ್ಲಿ, ಅವನು ಸತ್ತೇ ಇರಲಿಲ್ಲವೆಂದು ಕಥೆ ಬರೆಯಬೇಕಾಯಿತು. ನಮ್ಮ ದೇಶದಲ್ಲಿಯೇ 'ಕ್ಯೂಂಕಿ ಸಾಸ್ ಭೀ ಕಭೀ ಬಹೂ ಥೀ' ಎಂಬ ಹಿಂದೀ ಧಾರಾವಾಹಿಯಲ್ಲಿ 2001ರಲ್ಲಿ ಮಿಹಿರ್ ವಿರಾನಿಯ ಸಾವು ತೋರಿಸಿದಾಗ ಮನೆಮನೆಗಳಲ್ಲಿ ಗದ್ದಲವೆದ್ದು, ಮಿಹಿರನೂ ಮರಳಿ ಬಂದನು. ಸಿಟ್ಟಿಗೆ ಫಲ ದೊರೆತ ಈ ಎರಡೂ ಪ್ರಸಂಗಗಳಲ್ಲಿ ಜನರು ಕೇಳಿದ್ದು ಸತ್ತವನನ್ನು ಹಿಂದಕ್ಕೆ ಕೊಡಿ ಎಂದು. ನನ್ನ ತಂಗಿಯ ದೂರು ಇದಕ್ಕೆ ತದ್ವಿರುದ್ಧವಾದದ್ದು. ಸತ್ತವಳನ್ನು ಸತ್ತವಳಾಗಿಯೇ ಇರಲು ಬಿಡಿ ಎಂದು ಅವಳು ಕೇಳಿದಳು.

ಈ ಬೇಡಿಕೆಗೆ ಕನ್ನಡದ ಜೈನಕವಿಗಳಲ್ಲಿ ಗಟ್ಟಿಯಾದ ಆಧಾರವಿದೆ. ಓದುಗನಿಗೆ ಪ್ರಿಯನಾದವನನ್ನು ಕೊಲ್ಲಲು ಅವರು ಹಿಂಜರಿದವರಲ್ಲ. ಪಂಪನ ಭಾರತದಲ್ಲಿ ಕರ್ಣನು ಬೀಳುತ್ತಾನೆ. 982ರ ಸುಮಾರಿಗೆ ರಚಿತವಾದ ರನ್ನನ 'ಗದಾಯುದ್ಧ'ದ ಕಥಾನಾಯಕ ಭೀಮ. ಆಶ್ರಯದಾತನಾದ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿ ಬರೆದ ಕಾವ್ಯವದು. ಆದರೂ ದುರ್ಯೋಧನನು ಭೀಷ್ಮರನ್ನು ಕಾಣಲು ರಣರಂಗದ ನಡುವೆ ನಡೆದುಹೋಗುವಾಗ ಕವಿಯು ಅವನನ್ನು ಒಂದೊಂದು ಹೆಣದ ಮುಂದೆಯೂ ನಿಲ್ಲಿಸುತ್ತಾನೆ. ದ್ರೋಣ, ತಮ್ಮ ದುಶ್ಶಾಸನ, ಮಗ ಲಕ್ಷಣಕುಮಾರ, ಗೆಳೆಯ ಕರ್ಣ. ಶತ್ರುಪಕ್ಷದ ಬಾಲಕ ಅಭಿಮನ್ಯುವಿನ ಮುಂದೆ ಕೂಡ. ಪ್ರತಿಯೊಬ್ಬ ಸತ್ತವನಿಗೂ ಅವನದೇ ಆದ ಅಳಲನ್ನು ರನ್ನ ಸಲ್ಲಿಸುತ್ತಾನೆ. ಒಬ್ಬನ ಅಳಲನ್ನು ಇನ್ನೊಬ್ಬನ ಲೆಕ್ಕಕ್ಕೆ ಬರೆಯುವುದಿಲ್ಲ. ಆದ್ದರಿಂದಲೇ ಸಾವಿರ ವರ್ಷಗಳಿಂದ ಓದುಗರು ಸೋತವನಿಗಾಗಿ ಮರುಗುತ್ತಲೇ ಬಂದಿದ್ದಾರೆ, ಕವಿಯ ಮೇಲೆ ಮಾತ್ರ ಸಿಟ್ಟಾದವರಿಲ್ಲ.

ಜನ್ನನ 'ಯಶೋಧರ ಚರಿತೆ'ಯದು (1209) ಇನ್ನೂ ಕಟ್ಟುನಿಟ್ಟಾದ ಲೆಕ್ಕ. ಯಶೋಧರನೂ ಅವನ ತಾಯಿ ಚಂದ್ರಮತಿಯೂ ಬಲಿ ಕೊಟ್ಟದ್ದು ಹಿಟ್ಟಿನ ಕೋಳಿಯನ್ನು. ಆ ಒಂದು ಸಂಕಲ್ಪಹಿಂಸೆಗೆ ಅವರು ಪ್ರಾಣಿಜನ್ಮಗಳಲ್ಲಿ ಮತ್ತೆಮತ್ತೆ ಹುಟ್ಟಿ, ಮತ್ತೆಮತ್ತೆ ಸತ್ತು, ಕೊನೆಗೆ ಅಭಯರುಚಿ, ಅಭಯಮತಿ ಎಂಬ ಅವಳಿಗಳಾಗಿ ಮಾರಿದತ್ತ ರಾಜನ ಮುಂದೆ ತಮ್ಮ ಕಥೆಯನ್ನು ಹೇಳುತ್ತಾರೆ. ಅಲ್ಲಿಯೂ ಒಂದೇ ಜೀವ ಬೇರೆಬೇರೆ ದೇಹಗಳಲ್ಲಿ ಬರುತ್ತದೆ. ಆದರೆ ಒಂದು ಸಾವಾದರೂ ಪುಕ್ಕಟೆಯಾಗಿ ಕಳೆದುಹೋಗುವುದಿಲ್ಲ. ಪ್ರತಿಯೊಂದು ಸಾವಿಗೂ ಹಿಂದೊಂದು ಕಾರಣ, ಮುಂದೊಂದು ಫಲ. ನಮ್ಮ ಲೆಕ್ಕದ ಭಾಷೆಯಲ್ಲಿ ಹೇಳುವುದಾದರೆ, ವೋಚರಿಲ್ಲದ ಖರ್ಚನ್ನು ಜನ್ನನು ಪುಸ್ತಕಕ್ಕೆ ಏರಿಸುವುದೇ ಇಲ್ಲ.

ಇವೆಲ್ಲಕ್ಕಿಂತ ನಮ್ಮ ಪ್ರಸ್ತುತ ವಿಷಯಕ್ಕೆ ಹತ್ತಿರವಾದದ್ದು ಪಂಪನ 'ಆದಿಪುರಾಣ'ದ (941) ನೀಲಾಂಜನೆಯ ಪ್ರಸಂಗ. ಓದುಗರಿಗೆ ಅದು ಪರಿಚಿತವೇ. ಆದರೂ ಒಮ್ಮೆ ನೆನಪಿಸಿಕೊಳ್ಳೋಣ. ಪುರುದೇವನು ಅಯೋಧ್ಯೆಯಲ್ಲಿ ರಾಜ್ಯಭೋಗದಲ್ಲಿ ಮುಳುಗಿದ್ದಾನೆ. ಅವನಿಗೆ ವೈರಾಗ್ಯ ಒದಗುವ ಕಾಲ ಬಂದಿದೆಯೆಂದು ಅರಿತ ಇಂದ್ರನು ಅವನ ಸಭೆಗೆ ದೇವನರ್ತಕಿಯರನ್ನು ಕರೆತರುತ್ತಾನೆ. ಅವರಲ್ಲಿ ನೀಲಾಂಜನೆಯೆಂಬವಳ ಆಯುಷ್ಯ ಮುಗಿಯಲು ಇನ್ನು ಕೆಲವೇ ಕ್ಷಣಗಳಿವೆ. ಅವಳು ನರ್ತಿಸುತ್ತಾಳೆ. ಸಭೆಯೆಲ್ಲ ಮೈಮರೆತಿದೆ. ನೃತ್ಯದ ನಡುವೆಯೇ ಆಯುಷ್ಯ ತೀರಿ ಅವಳು ಮಿಂಚಿನಂತೆ ಮಾಯವಾಗುತ್ತಾಳೆ. ರಸಭಂಗವಾಗಬಾರದೆಂದು ಇಂದ್ರನು ಆ ಕ್ಷಣದಲ್ಲಿಯೇ ಅವಳ ಹಾಗೆಯೇ ಇರುವ ಇನ್ನೊಬ್ಬಳನ್ನು ಅದೇ ಜಾಗದಲ್ಲಿ ನಿಲ್ಲಿಸುತ್ತಾನೆ. ಅದೇ ವೇಷ, ಅದೇ ಹೆಜ್ಜೆ, ಅದೇ ತಾಳ. ಸಭೆಯಲ್ಲಿದ್ದ ಯಾರಿಗೂ ಅದು ತಿಳಿಯಲಿಲ್ಲ. ಒಬ್ಬನಿಗೆ ಮಾತ್ರ ತಿಳಿಯಿತು. ಪುರುದೇವನ ಮನಸ್ಸು ಅಲ್ಲಿಯೇ ಸಂಸಾರದಿಂದ ತಿರುಗಿತು. ಭರತನಿಗೆ ಅಯೋಧ್ಯೆಯನ್ನೂ ಬಾಹುಬಲಿಗೆ ಪೌದನಪುರವನ್ನೂ ಒಪ್ಪಿಸಿ ಅವನು ದೀಕ್ಷೆಗೆ ಹೊರಟನು.

ಈ ಪ್ರಸಂಗವನ್ನು ಸಂಸಾರದ ಅನಿತ್ಯತೆಗೆ ದೃಷ್ಟಾಂತವೆಂದು ನಾವು ಎಷ್ಟೋ ಸಲ ಕೇಳಿದ್ದೇವೆ. ಅದರಲ್ಲಿ ಇನ್ನೊಂದು ಸಂಗತಿಯಿದೆ, ಅದನ್ನು ನಾನು ಇಷ್ಟು ವರ್ಷ ಗಮನಿಸಿರಲಿಲ್ಲ. ಪುರುದೇವನನ್ನು ಎಚ್ಚರಿಸಿದ್ದು ನೀಲಾಂಜನೆಯ ಸಾವೊಂದೇ ಅಲ್ಲ. ಆ ಸಾವನ್ನು ಮುಚ್ಚಿಟ್ಟ ಬದಲಿಯೂ ಅದರಲ್ಲಿ ಸೇರಿದೆ. ಒಬ್ಬಳು ಇಲ್ಲವಾದಳು, ಆದರೂ ಆಟ ನಿಲ್ಲಲಿಲ್ಲ, ನೋಡುವವರಿಗೆ ಅದು ತಿಳಿಯಲೂ ಇಲ್ಲ. ಲೋಕ ನಡೆಯುವುದೇ ಹೀಗೆ ಎಂಬುದು ಅವನಿಗೆ ಹೊಳೆಯಿತು. ಇಂದ್ರನೂ ಆ ಬದಲಿಯನ್ನು ತಂದದ್ದು ಪುರುದೇವನು ಅದನ್ನು ಕಂಡುಹಿಡಿಯಲೆಂದೇ. ಅದು ಜ್ಞಾನಕ್ಕಾಗಿ ಹೂಡಿದ ಕಪಟ. ಪಂಪನ ಕಾವ್ಯದಲ್ಲಿ ನಿಜವಾದ ಪ್ರೇಕ್ಷಕನೆಂದರೆ ಬದಲಿಯನ್ನು ಗುರುತಿಸಿದವನು.

ಈಗ ಧಾರಾವಾಹಿಗೆ ಮರಳೋಣ. ನಟರು ಬಿಟ್ಟುಹೋಗುವುದು ಆ ಉದ್ಯಮದಲ್ಲಿ ಸಹಜ. ಅವರಿಗೂ ಓದು, ಆರೋಗ್ಯ, ಸಂಸಾರ, ಬೇರೆ ಅವಕಾಶಗಳಿರುತ್ತವೆ. ಹಾಗಾದಾಗ ಕಥೆ ನಡೆಸುವವರಿಗೆ ಮೂರು ದಾರಿಗಳಿವೆ. ಮೊದಲನೆಯದು, ಅದೇ ಪಾತ್ರಕ್ಕೆ ಬೇರೆ ನಟಿಯನ್ನು ತಂದು, ಇನ್ನು ಮುಂದೆ ಇವರೇ ಆ ಪಾತ್ರವನ್ನು ಮಾಡುತ್ತಾರೆಂದು ತಿಳಿಸುವುದು. ನೋಡುವವರಿಗೆ ಎರಡು ದಿನ ಕಸಿವಿಸಿಯಾಗುತ್ತದೆ, ಮೂರನೆಯ ದಿನ ಒಗ್ಗಿಹೋಗುತ್ತದೆ. ಎರಡನೆಯದು, ಪಾತ್ರವನ್ನು ಊರುಬಿಟ್ಟು ಎಲ್ಲಿಗಾದರೂ ಕಳಿಸುವುದು. ಜಿಲ್ಲಾಧಿಕಾರಿಗೆ ವರ್ಗಾವಣೆಗಿಂತ ಸಹಜವಾದದ್ದು ಯಾವುದಿದೆ? ಮೂರನೆಯದು, ಪಾತ್ರವನ್ನು ಸಾಯಿಸುವುದು. ಈ ಮೂರೂ ಪ್ರಾಮಾಣಿಕವಾದ ದಾರಿಗಳೇ. ಒಂದೊಂದಕ್ಕೂ ಒಂದೊಂದು ಬೆಲೆಯಿದೆ. ಮೊದಲನೆಯದರಲ್ಲಿ ಮುಖವನ್ನು ಕಳೆದುಕೊಳ್ಳಬೇಕು, ಎರಡನೆಯದರಲ್ಲಿ ಕಥೆಯ ಒಂದು ಎಳೆಯನ್ನು, ಮೂರನೆಯದರಲ್ಲಿ ಆ ವ್ಯಕ್ತಿಯನ್ನೇ.

'ಪುಟ್ಟಕ್ಕನ ಮಕ್ಕಳು' ಮೂರನೆಯ ದಾರಿಯನ್ನೂ ಹಿಡಿಯಿತು, ಮೊದಲನೆಯದನ್ನೂ ಹಿಡಿಯಿತು. ಸಾವಿನಿಂದ ಬರುವ ಕಣ್ಣೀರು ಬೇಕು, ಅದಕ್ಕೆ ತೆರಬೇಕಾದ ಬೆಲೆ ಬೇಡ. ಸ್ನೇಹಾ ಸತ್ತಳೆಂದು ಅಳಿಸಬೇಕು; ಸ್ನೇಹಾ ಎಂಬ ಹೆಸರೂ ಅವಳ ಹೃದಯವೂ ಅವಳಿದ್ದ ಜಾಗವೂ ಮಾತ್ರ ಹಾಗೆಯೇ ಮುಂದುವರಿಯಬೇಕು. ಬಿಕಾಂ ತರಗತಿಯಲ್ಲಿ ನಮಗೆ ಮೊದಲು ಕಲಿಸಿದ ಪಾಠವೆಂದರೆ, ಒಂದು ವೋಚರನ್ನು ಎರಡು ಖಾತೆಗಳಲ್ಲಿ ಜಮೆ ಹಿಡಿಯಬಾರದು. ಹಿಡಿದರೆ ಆ ದಿನದ ಲೆಕ್ಕ ಚೆನ್ನಾಗಿಯೇ ಕಾಣುತ್ತದೆ, ವರ್ಷದ ಕೊನೆಯಲ್ಲಿ ತಾಳೆಯಾಗುವುದಿಲ್ಲ. ಇಲ್ಲಿ ನಡೆದದ್ದು ಅದೇ. ಇಂದ್ರನ ಉಪಾಯವನ್ನು ತೆಗೆದುಕೊಂಡರು, ಅವನ ಉದ್ದೇಶವನ್ನು ಬಿಟ್ಟರು. ಸಭೆಯೆಲ್ಲ ಮೈಮರೆತೇ ಇರಲಿ, ಯಾರಿಗೂ ಎಚ್ಚರವಾಗದಿರಲಿ ಎಂಬುದೇ ಇಲ್ಲಿನ ಬದಲಿಯ ಗುರಿಯಾಯಿತು. ಆದರೂ ಜನರಿಗೆ ಎಚ್ಚರವಾಯಿತು. ನಮ್ಮ ಅಂಗಡಿಯಲ್ಲಿ ಸೀರೆ ಕೊಳ್ಳಲು ಬಂದ ಆ ತಾಯಿಗೂ ಎಚ್ಚರವಾಗಿತ್ತು. ಅವರ ಸಿಟ್ಟನ್ನು ನಾನು ಅಜ್ಞಾನವೆಂದು ತಿಳಿದದ್ದು ನನ್ನ ತಪ್ಪು.

ಅಂಗದಾನದ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು, ಏಕೆಂದರೆ ಅದು ದೊಡ್ಡ ವಿಷಯ. ಲಕ್ಷಾಂತರ ಜನ ನೋಡುವ ಕಥೆಯಲ್ಲಿ ಮಡಿದವಳ ಹೃದಯವನ್ನು ದಾನ ಮಾಡಿಸಿದ್ದು ತನ್ನಷ್ಟಕ್ಕೆ ಶ್ಲಾಘ್ಯವೇ. 2021ರ ಜೂನಿನಲ್ಲಿ ಬೆಂಗಳೂರಿನ ರಸ್ತೆ ಅಪಘಾತದಲ್ಲಿ ತೀರಿಕೊಂಡ ನಟ ಸಂಚಾರಿ ವಿಜಯ್ ಅವರ ಅಂಗಗಳನ್ನು ಅವರ ಕುಟುಂಬದವರು ದಾನ ಮಾಡಿದ್ದನ್ನೂ, ಅದೇ ವರ್ಷದ ಅಕ್ಟೋಬರಿನಲ್ಲಿ ಪುನೀತ್ ರಾಜ್‌ಕುಮಾರ್ ಅವರ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂದದ್ದನ್ನೂ ಕನ್ನಡಿಗರು ಮರೆತಿಲ್ಲ. ಪುನೀತರ ನಂತರ ನೇತ್ರದಾನಕ್ಕೆ ಹೆಸರು ಬರೆಸಿದವರು ನಮ್ಮ ಊರಿನಲ್ಲಿಯೂ ಇದ್ದಾರೆ. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳನ್ನು ಹೇಳಿಕೊಂಡು ಬಂದ ನಮಗೆ ಇದರ ಬೆಲೆಯನ್ನು ಬೇರೆಯವರು ತಿಳಿಸಬೇಕಾಗಿಲ್ಲ.

ಆದರೆ ದಾನದ ಸೊಗಸಿರುವುದು ಕೊಟ್ಟ ವಸ್ತುವನ್ನು ಹಿಂಬಾಲಿಸದಿರುವುದರಲ್ಲಿ. ಕರ್ನಾಟಕದಲ್ಲಿ ಅಂಗದಾನವನ್ನು ಹೊಂದಿಸಿಕೊಡುವ 'ಜೀವಸಾರ್ಥಕತೆ'ಯಂಥ ವ್ಯವಸ್ಥೆಯಲ್ಲಿ ಮಡಿದವರ ಅಂಗ ಯಾರಿಗೆ ಹೋಯಿತೆಂಬುದನ್ನು ಎರಡೂ ಕುಟುಂಬಗಳಿಂದ ಗೋಪ್ಯವಾಗಿ ಇಡುವುದು ರೂಢಿ. ಆ ನಿಯಮದ ಹಿಂದೆ ಆಳವಾದ ವಿವೇಕವಿದೆ. ಕೊಟ್ಟವರು ಪಡೆದವರಲ್ಲಿ ತಮ್ಮ ಮಗುವನ್ನು ಹುಡುಕಬಾರದು. ಪಡೆದವರು ಯಾರದೋ ಮಗುವಾಗಿ ಬದುಕುವ ಭಾರವನ್ನು ಹೊರಬಾರದು. ಧಾರಾವಾಹಿಯು ಇದನ್ನೇ ತಲೆಕೆಳಗು ಮಾಡಿತು. ದಾನವಾಗಿ ಹೋದದ್ದು ಅದೇ ಹೆಸರನ್ನು ಹೊತ್ತು ಮನೆಯ ಬಾಗಿಲಿಗೆ ಮರಳಿ ಬಂದಿತು. ಪ್ರತಿಫಲವನ್ನು ಕೈಯಲ್ಲಿ ಹಿಡಿದು ಬರುವ ದಾನವನ್ನು ವ್ಯಾಪಾರಿಯಾದ ನಾನು ಬೇರೆ ಹೆಸರಿನಿಂದ ಕರೆಯುತ್ತೇನೆ. ಅದನ್ನು ವಿನಿಮಯವೆನ್ನುತ್ತಾರೆ. ಇದು ಕಥೆಯಲ್ಲವೇ ಎನ್ನಬಹುದು. ಹೌದು, ಕಥೆಯೇ. ಆದರೆ ನಿಜವಾಗಿ ಕೊಟ್ಟು, ಹಿಂತಿರುಗಿ ನೋಡದೆ ಬದುಕುತ್ತಿರುವ ತಾಯಂದಿರು ಅದೇ ಕಥೆಯ ಮುಂದೆ ಕುಳಿತಿದ್ದಾರೆ. ಅವರಲ್ಲಿ ಒಬ್ಬಳು ನನಗೆ ಗೊತ್ತು.

ಧಾರಾವಾಹಿಯೆಂಬುದು ವ್ಯವಹಾರ, ಅದರಿಂದ ಕಾವ್ಯದ ಧರ್ಮವನ್ನು ನಿರೀಕ್ಷಿಸುವುದು ಅತಿಯಾಯಿತೆಂದು ಕೆಲವರು ಹೇಳಿಯಾರು. ವ್ಯವಹಾರವೆಂದೇ ಇಟ್ಟುಕೊಂಡು ಲೆಕ್ಕ ಹಾಕೋಣ. 2021ರ ಡಿಸೆಂಬರಿನಿಂದ 2024ರ ನವೆಂಬರಿನವರೆಗೆ ಸುಮಾರು 150 ವಾರಗಳು. ವಾರಕ್ಕೆ ಐದು ದಿನ, ದಿನಕ್ಕೆ ಕನಿಷ್ಠ ಅರ್ಧ ಗಂಟೆಯೆಂದು ಹಿಡಿದರೂ ನನ್ನ ತಂಗಿ ಆ ಕಥೆಗೆ 375 ಗಂಟೆಗಳನ್ನು ಕೊಟ್ಟಿದ್ದಾಳೆ. ಈ ಮುಂಗಡವನ್ನು ಅವಳು ನಂಬಿಕೆಯ ಮೇಲೆ ಇಟ್ಟವಳು. ಇಷ್ಟು ಮುಂಗಡ ಕೊಟ್ಟ ಗಿರಾಕಿಗೆ, ಕೇಳಿದ ಸೀರೆ ಮುಗಿದಿದ್ದರೆ ಮುಗಿದಿದೆಯೆಂದು ಹೇಳುವುದು ಅಂಗಡಿಯ ಮರ್ಯಾದೆ. ಅದೇ ಬಣ್ಣದ ಬೇರೆ ಸೀರೆಯನ್ನು ಅದೇ ಹೆಸರಿನ ಪೆಟ್ಟಿಗೆಯಲ್ಲಿಟ್ಟು ಕೊಡುವುದಲ್ಲ. ಮುಗಿದಿದೆ ಎಂದರೆ ಗಿರಾಕಿ ಬೇಸರಪಟ್ಟುಕೊಂಡು ಹೋಗುತ್ತಾನೆ, ಆದರೆ ಮತ್ತೆ ಬರುತ್ತಾನೆ. ಸತ್ಯವು ವ್ಯಾಪಾರಕ್ಕೂ ಲಾಭದ್ದೇ ಎಂಬುದು ನಲವತ್ತು ವರ್ಷಗಳ ನನ್ನ ಅನುಭವ.

ಸ್ನೇಹಾಳ ಸಾವನ್ನು ಆ ಕಥೆ ಸಾವೆಂದೇ ಒಪ್ಪಿಕೊಂಡಿದ್ದರೆ ಏನಾಗುತ್ತಿತ್ತು? ಮಗಳನ್ನು ಕಳೆದುಕೊಂಡ ಪುಟ್ಟಕ್ಕ ಮರುದಿನ ಮೆಸ್ಸಿನ ಒಲೆ ಹಚ್ಚುವುದು ಹೇಗೆ? ತನ್ನ ಕೋಟೆಯನ್ನು ಕೆಡವಿದ ಸೊಸೆ ಇಲ್ಲವಾದ ಮೇಲೆ ಬಡ್ಡಿಯ ಬಂಗಾರಮ್ಮ ಹಳೆಯ ದಾರಿಗೆ ಹೋಗುತ್ತಾಳೆಯೇ, ಸೊಸೆಯ ಮಾತನ್ನು ಉಳಿಸಿಕೊಳ್ಳುತ್ತಾಳೆಯೇ? ತಾಯಿಯ ನೆರಳಿನಿಂದ ಹೊರಬಂದ ಕಂಠಿ ಒಬ್ಬನೇ ನಡೆಯುತ್ತಾನೆಯೇ? ಉಮಾಶ್ರೀಯವರಂಥ ಕಲಾವಿದೆ ಕೈಯಲ್ಲಿರುವಾಗ ಬರಿದಾದ ಒಂದು ಜಾಗದ ಮುಂದೆ ಅವರನ್ನು ಕೂರಿಸಿ ಕಾಯುವಷ್ಟು ತಾಳ್ಮೆ ಇದ್ದಿದ್ದರೆ, ಮನೆಮನೆಗಳಲ್ಲಿ ಮೌನವಾಗಿರುವ ದುಃಖಕ್ಕೆ ಒಂದು ಮಾತು ಸಿಗುತ್ತಿತ್ತು. ಬದಲಿಯನ್ನು ತಂದು ಅವರು ಆ ಜಾಗವನ್ನು ತುಂಬಿಬಿಟ್ಟರು. ನನ್ನ ದೃಷ್ಟಿಯಲ್ಲಿ ಆ ಧಾರಾವಾಹಿಗೆ ಆದ ದೊಡ್ಡ ನಷ್ಟ ಇದು.

ನೋಡುವವರಾದ ನಮ್ಮ ಖರ್ಚಿನ ಕಡೆಗೂ ಒಂದು ಮಾತು ಬರೆಯಬೇಕು. ಕಥೆಯ ಮೇಲಿನ ಸಿಟ್ಟನ್ನು ಕಲಾವಿದರ ಮೇಲೆ ತೀರಿಸುವುದು ಸಲ್ಲದು. ಬಿಟ್ಟುಹೋದ ನಟಿ ತನ್ನ ಬದುಕಿನ ನಿರ್ಧಾರವನ್ನು ತಾನು ಮಾಡಿದರು. ಹೊಸದಾಗಿ ಬಂದವರು ಕೊಟ್ಟ ಕೆಲಸವನ್ನು ಮಾಡಿದರು. ಅವರಿಬ್ಬರಿಗೂ ಆಡಿದ ಕಟುನುಡಿಗಳಲ್ಲಿ ನಮ್ಮ ಸಮಾಜದವರ ಪಾಲೂ ಇದ್ದರೆ, ಭಾಷಾಸಮಿತಿಯನ್ನು ದಿನವೂ ಕೇಳುವ ನಮಗೆ ಅದು ಶೋಭೆಯಲ್ಲ. ನನ್ನ 'ಸೂತಕ'ದ ಮಾತನ್ನೂ ಅದೇ ಸಾಲಿಗೆ ಸೇರಿಸುತ್ತೇನೆ. ಬಸದಿಯ ಟ್ರಸ್ಟಿಗಳಲ್ಲಿಯೂ ನನ್ನದೊಂದು ಬಿನ್ನಹ: ಸಂಜೆಯ ಶಾಸ್ತ್ರಸಭೆಗೆ ಹೆಂಗಸರು ಬರುವುದಿಲ್ಲ, ಧಾರಾವಾಹಿಯ ಮುಂದೆ ಕುಳಿತಿರುತ್ತಾರೆಂದು ಹೀಗಳೆಯುವುದನ್ನು ಬಿಟ್ಟು, ಅವರು ಅಲ್ಲಿ ಏನನ್ನು ಕಂಡರೆಂದು ಕೇಳೋಣ. ನೀಲಾಂಜನೆಯ ಪ್ರಸಂಗವನ್ನು ಅವರ ಮುಂದಿಟ್ಟರೆ ನಮ್ಮ ಪಂಡಿತರಿಗೆ ಹೊಳೆಯದ ಅರ್ಥ ಅವರಿಗೆ ಹೊಳೆದೀತು.

ಇದನ್ನು ನಾನು ಊಹೆಯಿಂದ ಹೇಳುತ್ತಿಲ್ಲ. ಡಿಸೆಂಬರಿನಲ್ಲಿ ಮತ್ತೆ ನರಸೀಪುರಕ್ಕೆ ಹೋದಾಗ ಆದಿಪುರಾಣದ ಗದ್ಯಾನುವಾದವನ್ನು ಚೀಲದಲ್ಲಿಟ್ಟುಕೊಂಡು ಹೋಗಿದ್ದೆ. ಊಟವಾದ ಮೇಲೆ, ದೂರದರ್ಶನ ಹಚ್ಚುವ ಹೊತ್ತಿಗೆ, ತಂಗಿಗೆ ಆ ಭಾಗವನ್ನು ಓದಿ ಹೇಳಿದೆ. ಕ್ಷಮೆ ಕೇಳಲು ನನಗೆ ತಿಳಿದಿದ್ದ ದಾರಿ ಅದೊಂದೇ. ಪುರುದೇವನು ಬದಲಿಯನ್ನು ಗುರುತಿಸಿದ ಕಡೆಗೆ ಬಂದಾಗ, ನೀನೂ ಗುರುತಿಸಿದೆಯಮ್ಮಾ, ನಾನು ನಕ್ಕುಬಿಟ್ಟೆ ಎಂದು ಹೇಳಬೇಕೆಂದಿದ್ದೆ. ಅಷ್ಟರಲ್ಲಿ ಅವಳೇ ಕೇಳಿದಳು: 'ಅಣ್ಣಯ್ಯ, ಆಮೇಲೆ ತಂದು ನಿಲ್ಲಿಸಿದರಲ್ಲ, ಆ ಎರಡನೆಯವಳ ಹೆಸರೇನು?'

ಪುಟವನ್ನು ಹಿಂದೆ ಮುಂದೆ ತಿರುವಿದೆ. ನಾನು ಓದಿದಷ್ಟರಲ್ಲಿ ಅವಳಿಗೆ ಹೆಸರೇ ಇಲ್ಲ. ಹಾಗೆಂದು ಹೇಳಿದೆ.

'ಪಾಪ, ಅವಳನ್ನು ಯಾರೂ ಅವಳೆಂದು ನೋಡಲೇ ಇಲ್ಲ' ಎಂದಳು ತಂಗಿ. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಈ ಹೊಸ ಹುಡುಗಿಗೂ ಬೇರೆ ಹೆಸರೊಂದನ್ನು ಇಟ್ಟಿದ್ದರೆ ನಾನು ನೋಡುತ್ತಿದ್ದೆನೇನೋ' ಎಂದಳು.

ನಾನು ಪುಸ್ತಕವನ್ನು ಮುಚ್ಚಿ ಅವಳ ಕೈಗೆ ಕೊಟ್ಟೆ. ಅದು ಈಗ ಅವರ ಮನೆಯಲ್ಲಿಯೇ ಇದೆ.